ಅಕ್ಕನ ಮೂಗುಬಟ್ಟೆಯ ಒಳಮಗ್ಗುಲು

ನಾನು ಚಿಕ್ಕವಳಿದ್ದಾಗ ಏನನ್ನು ಕಂಡರೂ ಎಣಿಸುತ್ತಿದ್ದೆ. ಮಾನ್ವಿ, ದೇವದುರ್ಗದ ಕಡೆಯಿಂದ ಹತ್ತಿ ತುಂಬಿದ ಬಂಡಿಗಳು ರಾಯಚೂರಿನ ನಮ್ಮ ಓಣಿ ದಾಟಿ ಮಿಲ್ಲಿಗೆ ಹೋಗುವಾಗ, ದಿನಕ್ಕೆಷ್ಟು ಎಂದು ತಾರೀಖಿನ ಸಮೇತ ಬರೆದಿಡುತ್ತಿದ್ದೆ. ಒಂದು ಚಳಿಗಾಲದಲ್ಲಿ ಮಾತ್ರ ಬಂಡಿಗಳನ್ನು ಬಿಟ್ಟು ಅಕ್ಕನ ಕೆಮ್ಮು ಎಣಿಸಿದೆ.

ಅಕ್ಕ ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರಕ್ಕೆ ಹತ್ತಿ ಹಾಕುತ್ತಿದ್ದಳು. ಬೀಜ ಬಿಡಿಸಿದ ಅರಳೆ ಒಂದು ಕಡೆ ಬೀಳುತ್ತಿದ್ದರೆ, ನವಿರಾದ ದೂಳು ಗಾಳಿಯಲ್ಲೇ ತೇಲುತ್ತಿತ್ತು. ಸಂಜೆ ಬಂದಾಗ ಅವಳ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗೆ. ಮೈಯಿಂದ ಹತ್ತಿಕಾಳಿನ ವಾಸನೆ. ಅವಳಿಗೆ ಆ ಕೆಲಸವೆಂದರೆ ಜೀವ. ಆದರೆ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಅಮಾಸಿ ತನಕ ನೋಡ್ತೀನಿ. ಕೆಮ್ಮು ನಿಲ್ಲಲಿಲ್ಲಂದ್ರ ಮಿಲ್ಲು ಬಂದ್. ಗಬ್ಬೂರಿಗೆ ನನ್ನ ತಂಗಿ ಮನಿಗೆ ಕಳಸ್ತೀನಿ."

ಅವ್ವ ಹಳೆ ಸೀರೆ ಹರಿದು, ಎರಡು ಮಡಿಕೆ ಮಾಡಿ, ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟಳು. ಅಕ್ಕ ಒಂದು ವಾರ ತಪ್ಪದೆ ಕಟ್ಟಿಕೊಂಡಳು. ಅವಳು ಮನೆಗೆ ಬಂದಾಗಿನಿಂದ ಊಟ ಮುಗಿಸುವವರೆಗೆ ಕೆಮ್ಮಿಗೊಂದು ಗೀಟು ಎಳೆದೆ. ಗೀಟುಗಳು ಒಂಚೂರೂ ಕಡಿಮೆಯಾಗಲಿಲ್ಲ.

ಎಂಟನೆಯ ದಿನ ಅವಳು ಬಿಚ್ಚಿಟ್ಟ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಎರಡೂ ಮಗ್ಗುಲಿಗೆ ದೂಳು ಮೆತ್ತಿತ್ತು.

"ಊಟಕ್ಕ ಬಿಚ್ಚಿ ಮತ್ತ ಕಟ್ಟಿಕೊಳ್ಳಾಗ ಯಾವ ಮಗ್ಗಲ ಒಳಗ ಹಾಕ್ತಿ?" ಎಂದೆ.

ಅಕ್ಕ ನಕ್ಕಳು. "ಬಟ್ಟಿಗೆ ಎಂಥಾ ಮಗ್ಗಲಬೇ, ಹುಚ್ಚಿ?"

ಅಲ್ಲೇ ಇತ್ತು ತಪ್ಪು. ಬೆಳಗ್ಗೆ ಹೊರಗೆ ತಡೆದ ದೂಳನ್ನೇ ಮಧ್ಯಾಹ್ನ ಮೂಗಿಗೆ ಒತ್ತಿ ಕಟ್ಟಿಕೊಂಡು ಉಸಿರಾಡುತ್ತಿದ್ದಳು. ನಾನು ಹೊರಮಗ್ಗುಲಿಗೆ ಕೆಂಪು ದಾರದ ಹೊಲಿಗೆ ಹಾಕಿದೆ. ಮಧ್ಯಾಹ್ನಕ್ಕೆಂದು ಬೇರೆ ಬಟ್ಟೆ ಮಾಡಿಕೊಟ್ಟೆ. ಸಂಜೆ ಎರಡನ್ನೂ ಒಗೆಯುವುದು ನನ್ನ ಪಾಲಿಗೆ. ಮಾತಾಡುವಾಗ ಮೂಗಿನ ಕೆಳಗೆ ಜಾರಿಸುವುದಿಲ್ಲವೆಂದು ಆಣೆಯನ್ನೂ ಮಾಡಿಸಿಕೊಂಡೆ. "ಏನಬೇ, ಮದುಮಗಳಂಗ ಮಾರಿ ಮುಚ್ಚಿಕೊಂಡಿ" ಎಂದು ಮಿಲ್ಲಿನ ಹೆಂಗಸರು ಕಾಡಿದರಂತೆ. ಅಕ್ಕ ಬಿಚ್ಚಲಿಲ್ಲ.

ಗೀಟುಗಳು ಇಳಿಯತೊಡಗಿದವು. ಅಮಾವಾಸ್ಯೆಯ ಸಂಜೆ ಅಪ್ಪ ನನ್ನ ಪಕ್ಕದಲ್ಲೇ ಕುಳಿತ. ಅಕ್ಕ ಬಂದು ಕಾಲು ತೊಳೆದಳು, ಬಿಸಿ ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡಳು. ಅಷ್ಟರಲ್ಲಿ ಅವ್ವ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ್ದೇ ತಡ, ಘಾಟು ಮನೆಯೆಲ್ಲ ತುಂಬಿತು. ನಾನು ಗೀಟೆಳೆಯಲು ಹಾಳೆ ಹಿಡಿದು ಅಕ್ಕನನ್ನೇ ನೋಡಿದೆ. ಕೆಮ್ಮಿದವನು ಅಪ್ಪ.

"ಇದನ್ನೂ ಬರಕೋತಿ ಏನಬೇ?"

"ನಿಂದು ಲೆಕ್ಕಕ್ಕಿಲ್ಲ ಯಪ್ಪಾ."

ಅಕ್ಕ ಕೈ ತೊಳೆದು ಏಳುವವರೆಗೂ ಹಾಳೆ ಖಾಲಿಯೇ ಉಳಿಯಿತು. ಅಪ್ಪ ಅದನ್ನೇ ನೋಡಿ, "ನಾಳಿ ಮಿಲ್ಲಿಗೆ ತಡ ಆಗಬಾರದು. ಲಗೂನ ಮಲಕೋ" ಎಂದು ಅಕ್ಕನಿಗೆ ಹೇಳಿದ. ಅಕ್ಕ ನನ್ನನ್ನು ಎತ್ತಿ ಅಂಗಳದಲ್ಲಿ ಗಿರಗಿರ ತಿರುಗಿಸಿದಳು. ಹಂಗಾಮು ಮುಗಿಯುವುದರೊಳಗೆ, ಕಾಡಿದ ಹೆಂಗಸರೇ ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಅವಳಿಂದ ಬಟ್ಟೆ ಕಟ್ಟುವುದನ್ನು ಕಲಿತರು.

ಈಗ ಮೊಮ್ಮಕ್ಕಳೇ, ನಿಮ್ಮ ಅಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕೆಲಸಕ್ಕೆ ಹೊರಟರೆ ಹೆಲ್ಮೆಟ್, ಕೈಗವಸು, ಮೂಗಿಗೆ ಸರಿಯಾಗಿ ಕೂರುವ ಮಾಸ್ಕ್, ಎಲ್ಲ ಹೊಸದಾಗಿ ಅಲ್ಲೇ ಸಿಗುತ್ತವೆ. ನಮ್ಮ ಕಾಲದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಮಕ್ಕಳೇ, ಅವಳು ಅವನ್ನು ಹಾಕಿಕೊಳ್ಳುತ್ತಾಳೋ, ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಾಳೋ, ದಿನಾ ಕೇಳಿ. ಬೈದರೆ ನನ್ನ ಹೆಸರು ಹೇಳಿ.