ಕಂಪ್ಯೂಟರಿನ ಪಾಳಿ

ತಮ್ಮ ತೀರಿಕೊಂಡ ಮೇಲೆ ಅವ್ವ ಮತ್ತೆ ಮತ್ತೆ ಕೇಳುತ್ತಿದ್ದುದು ಒಂದೇ ಮಾತು. "ಆ ಆಟಾ ಅಂವ ಯಾಕ ಬಿಟ್ಟಾ? ನನ್ನ ಸುಳ್ಳಿನ ಸಂಬಂಧ ಬಿಟ್ಟನೇನು?" ನಾನು ಅಲ್ಲ ಎನ್ನುತ್ತಿದ್ದೆ. ಹಾಗೆನ್ನಲು ನನಗೇನು ಗೊತ್ತಿತ್ತೋ.

ಅವನು ಬೈಲಹೊಂಗಲದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ತಂದ. ಪುಸ್ತಕ ನೋಡಿ ಪ್ರೋಗ್ರಾಂ ಬರೆಯುವುದನ್ನು ತಾನೇ ಕಲಿತು, ಅದರಲ್ಲಿ ಚೌಕಾಬಾರ ಆಡುವಂತೆ ಮಾಡಲು ಹೊರಟ. ನಮ್ಮ ಪಡಸಾಲೆಯ ಕಲ್ಲಿನಲ್ಲಿ ಕೊರೆದ ಮನೆಗಳೇ ಪರದೆಯ ಮೇಲೆ ಬಂದವು. ಮುಗಿದರೆ ಸಿ.ಡಿ. ಮಾಡಿ ಸುತ್ತಲಿನ ಊರುಗಳಲ್ಲಿ ಮಾರುತ್ತೇನೆಂದು ಕಿತ್ತೂರಿನ ಗೆಳೆಯನೊಬ್ಬ ಬೆನ್ನು ಹತ್ತಿದ್ದ.

ನಾನು ಸವದತ್ತಿಯಿಂದ ತವರಿಗೆ ಬಂದ ದಿನ ಅವನು ಅವ್ವನನ್ನು ಅದರ ಮುಂದೆ ಕೂಡಿಸಿದ್ದ. ಗುಂಡಿ ಒತ್ತಿದರೆ ಕಂಪ್ಯೂಟರೇ ಕವಡೆ ಒಗೆಯುತ್ತಿತ್ತು. ಅದಕ್ಕೆ ಎಂಟು ಬಿತ್ತು, ಅವ್ವನ ಕಾಯಿ ಕಡಿಯಿತು.

"ಯಾರ ಕೈಲೆ ಒಗೀತೋ ಇದು?"

"ಅದಕ ಕೈ ಎಲ್ಲಿವಬೇ?"

"ಕೈ ಇಲ್ಲದ್ದು ಎಂಟ್ ಹೆಂಗ ಹಾಕ್ತೈತಿ? ನನ್ನ ಕಣ್ಣ ಮುಂದ ಒಗೀಲಿ. ಇಲ್ಲಂದ್ರ ನಿನ್ನ ಡಬ್ಬಿ ಕೂಡ ನೀನ ಆಡ್ಕೋ."

ನಮ್ಮ ಮನೆಯಲ್ಲಿ, ಒಗೆದ ಕವಡೆಯನ್ನು ಎದುರಿನವರು ನೋಡಿ ಹೂಂ ಎನ್ನುವ ತನಕ ಎತ್ತುವಂತಿಲ್ಲ. ಅವ್ವ ಅದನ್ನು ಬಿಟ್ಟುಕೊಡಲಿಲ್ಲ.

ಮುಂದಿನ ಸಲ ಬಂದಾಗ ಆಟವೇ ಬದಲಾಗಿತ್ತು. ಅವ್ವ ನೆಲದ ಮೇಲೆ ನಿಜವಾದ ಕವಡೆ ಒಗೆದು ಎಷ್ಟೆಂದು ಹೇಳುತ್ತಿದ್ದಳು, ತಮ್ಮ ಆ ಅಂಕಿ ಒತ್ತುತ್ತಿದ್ದ. ಕಂಪ್ಯೂಟರಿನ ಪಾಳಿ ಬಂದರೆ ಅದರ ಪರವಾಗಿ ಅವನೇ ಒಗೆಯುತ್ತಿದ್ದ. ಯಾವ ಕಾಯಿ ನಡೆಸಬೇಕೆಂಬುದನ್ನು ಮಾತ್ರ ಅದು ನೋಡಿಕೊಳ್ಳುತ್ತಿತ್ತು.

ಅವ್ವನಿಗೆ ಮೂರು ಬಿತ್ತು. ಥಟ್ಟನೆ ಕವಡೆಗಳ ಮೇಲೆ ಅಂಗೈ ಮುಚ್ಚಿ, "ಎಂಟು" ಅಂದಳು. "ಅದಕೇನ ಕಣ್ಣದಾವ?"

"ನನಗ ಅದಾವಲ್ಲಬೇ."

"ನೀ ಅದರ ಕಡೀದಾಂವೋ, ನನ್ನ ಕಡೀದಾಂವೋ?"

ತಮ್ಮ ನಗುತ್ತ ಎಂಟು ಒತ್ತಿದ. ಅವ್ವ ಪರದೆಗೆ ಬೆರಳು ತಿವಿದು, "ನಡಿ, ಮನಿಗ್ ನಡಿ!" ಎಂದು ಅದರ ಕಾಯಿಯನ್ನು ಅಟ್ಟಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಿತ್ತೂರಿನ ಗೆಳೆಯ ತಲೆ ಚಚ್ಚಿಕೊಂಡ. "ಅಲ್ಲಲೇ, ಕವಡಿ ನೀವ ಒಗದು ನೀವ ಹೇಳೂದಾದ್ರ ಕಂಪ್ಯೂಟರ್ ಯಾಕ ಬೇಕು? ಎಲ್ಲಾರೂ ಎಂಟಂತ ಹೊಡೀತಾರ. ಮೊದಲಿನಂಗ ಮಾಡು."

"ಹಂಗ ಮಾಡಿದ್ರ ಅವ್ವ ಆಡೂದಿಲ್ಲೋ."

"ನಿಮ್ಮವ್ವಗೊಂದ ಸಿ.ಡಿ. ಮಾಡೂದೇನು ಹಂಗಾರ?"

ತಮ್ಮ "ನೋಡೂಣು" ಎಂದ. ಮೊದಲಿನಂತೆ ಮಾಡಲಿಲ್ಲ. ಗೆಳೆಯ ಬರುವುದು ಕಡಿಮೆಯಾಯಿತು. ಆಮೇಲೂ ಕೆಲವು ದಿನ ತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದುಂಟು. ರಾಮದುರ್ಗದ ಬೀಗರು ಆಡುವ ರೀತಿ ಬೇರೆ ಎಂದು ತಿಳಿದು ಅದನ್ನೂ ಸೇರಿಸಿದ. ಒಮ್ಮೆ ಬಂದು ನೋಡಿದರೆ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಯಾಕೋ ಎಂದೆ. "ಇರ್ಲಿ ಬಿಡಕ್ಕಾ. ನೀ ಯಾವ ಬಸ್ಸಿಗೆ ಬಂದಿ?" ಎಂದ. ನಾನು ಬಸ್ಸಿನ ಸುದ್ದಿ ಹೇಳುತ್ತ ಕೂತೆ.

ಗೆಳೆಯ ದೂರವಾದದ್ದಕ್ಕೋ, ಬೇಸರಕ್ಕೋ, ಅವ್ವ ಆಡಿದ ಮೇಲೆ ಇನ್ನು ಯಾರು ಆಡಬೇಕು ಅನಿಸಿತೋ. ಒಂದು ಕಾರಣ ಹಿಡಿದರೆ ಇನ್ನೊಂದು ಕೈ ಜಾರುತ್ತದೆ. ಕೆಲವು ವರ್ಷಗಳ ಮೇಲೆ ಕಾಮಾಲೆಯಾಗಿ ಅವನೇ ಹೋಗಿಬಿಟ್ಟ. ಕೇಳಲು ಯಾರಿದ್ದಾರೆ?

ಮೊನ್ನೆ ಅವ್ವ ತಾನೇ ಆ ಬಟ್ಟೆ ತೆಗೆದಳು. "ಚಾಲೂ ಮಾಡು" ಅಂದಳು. ಮಾಡಿದೆ. ಅವ್ವ ಕವಡೆ ಒಗೆದಳು. ಎರಡು ಬಿತ್ತು. ಈ ಸಲ ಅಂಗೈ ಮುಚ್ಚಲಿಲ್ಲ.

"ಎಂಟು ಹೊಡೀಲೇನಬೇ?"

"ಬ್ಯಾಡ. ಎರಡ ಹೊಡಿ."

ಕಂಪ್ಯೂಟರಿನ ಪಾಳಿ ಬಂತು. ಅದರ ಪರವಾಗಿ ಒಗೆಯುವವನು ಇಲ್ಲ. ಅವ್ವ ಕವಡೆಗಳನ್ನು ನನ್ನ ಕೈಗೆ ಹಾಕಿದಳು. ಒಗೆದೆ. ಎಂಟು. ಒತ್ತಿದರೆ ಅವ್ವನ ಕಾಯಿ ಹೋಗುತ್ತಿತ್ತು. ನನಗೆ ಅರಿವಿಲ್ಲದೆ ಅಂಗೈ ಮುಚ್ಚಿ, "ಒಂದು" ಎಂದೆ.

ಅವ್ವ ಬಹಳ ದಿನದ ಮೇಲೆ ನಕ್ಕಳು. "ಅಂವನೂ ಹಿಂಗ ಮುಚ್ಚತಿದ್ದ. ನಾ ನೋಡೀನೂ ನೋಡಲಾರದಂಗ ಇರತಿದ್ದೆ."

"ಅಂವನೂ ಸುಳ್ಳ ಹೇಳತಿದ್ನಾ? ಹಂಗಾರ ನಿನ್ನ ಸುಳ್ಳಿಗೆ ಅಂವ ಯಾಕ ಬಿಡ್ತಾನಬೇ?"

ಅವ್ವ ಪರದೆಯ ಕಡೆ ತಿರುಗಿದಳು. "ಮತ್ತ ಯಾಕ ಬಿಟ್ಟಾ?"

"ಗೊತ್ತಿಲ್ಲ" ಎಂದೆ. ಹಾಗೆ ಹೇಳಿದ್ದು ಅದೇ ಮೊದಲು. ಕವಡೆಗಳ ಮೇಲಿಂದ ಕೈ ತೆಗೆದೆ.

ಅವ್ವ ಬಗ್ಗಿ ನೋಡಿ, "ಹೂಂ" ಅಂದಳು. ನಾನು ಎಂಟು ಒತ್ತಿದೆ.