ಕಾಲರಕ್ಕನ ಆರು ಬಾಟಲಿ

ನಮ್ಮ ಜೈಲಿನ ಮಹಿಳಾ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ಕಾಲರಕ್ಕ ಎಂದೇ ಕರೆಯುತ್ತಾರೆ. ಹೊರಗಿದ್ದಾಗ ಬಟ್ಟೆ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಬರೀ ಅಂಗಿಯ ಕಾಲರು ಹೊಲಿದವಳು. ತೋಳು ಹೊಲಿಯುವವರು ಬೇರೆ, ಗುಂಡಿ ಹಚ್ಚುವವರು ಬೇರೆ; "ಪೂರ್ತಿ ಅಂಗಿ ಅಂತ ಒಂದೂ ಹೊಲಿದಿಲ್ಲ ಅಣ್ಣಾ, ಕುತ್ತಿಗೆವರೆಗೆ ಮಾತ್ರ ನನ್ನ ವಿದ್ಯೆ" ಎಂದು ನಗುತ್ತಿದ್ದಳು. ಕಾರ್ಖಾನೆಯಲ್ಲಿ ಬಟ್ಟೆಯ ಥಾನುಗಳು ಕಾಣೆಯಾದಾಗ ಮೇಸ್ತ್ರಿಯ ಜೊತೆ ಇವಳನ್ನೂ ಹಿಡಿದು ತಂದರು. ಮೇಸ್ತ್ರಿಗೆ ಜಾಮೀನು ನಿಲ್ಲಲು ಒಬ್ಬ ಭಾವಮೈದುನನಿದ್ದ. ವಾರದೊಳಗೆ ಮನೆ ಸೇರಿದ. ಇವಳಿಗೆ ಇದ್ದವನು ಗಂಡ. ಆತ ಒಂದೇ ಸಲ ಬಂದು, ಹೆಂಡತಿ ಬಸುರಿ ಎನ್ನುವುದನ್ನು ಕಣ್ಣಾರೆ ಖಚಿತಪಡಿಸಿಕೊಂಡು ಹೋಗಿ, ಫೋನ್ ನಂಬರು ಬದಲಾಯಿಸಿದ.

ನಾನು ಅಲ್ಲಿನ ಗೇಟು ಗುಮಾಸ್ತ. ಒಳಗಿನಿಂದ ಹೊರಕ್ಕೆ ಹೋಗುವ ಮನುಷ್ಯರಿಗೂ ಬಕೆಟ್ಟುಗಳಿಗೂ ಪಾಸು ಬರೆಯುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕಾಯಕ. "ಅದೇನು ಘನಂದಾರಿ ಕೆಲಸ ಅಂತ ಎದೆ ಉಬ್ಬಿಸ್ತೀರಿ, ಬಾಗಿಲ ಚಿಲಕಾನೂ ಅದನ್ನೇ ಮಾಡುತ್ತೆ" ಎನ್ನುತ್ತಾಳೆ ನನ್ನ ಹೆಂಡತಿ.

ಕಾಲರಕ್ಕನಿಗೆ ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು. ಏಳೂವರೆ ತಿಂಗಳ ಹೆಣ್ಣುಮಗು, ಒಂದೂಕಾಲು ಕೆಜಿ. ಆಸ್ಪತ್ರೆಯವರು ಅದನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು, ಮೂಗಿಗೊಂದು ನಳಿಗೆ ಸೇರಿಸಿದರು. ತಾಯಿ ಚೆನ್ನಾಗಿದ್ದಾಳೆ ಎಂದು ಮೂರನೆಯ ದಿನ ಆಸ್ಪತ್ರೆಯವರು ಬಿಡುಗಡೆ ಮಾಡಿದರು. ನಾವು ಒಳಗೆ ಹಾಕಿಕೊಂಡೆವು. ಮಗು ಅಲ್ಲೇ ಉಳಿಯಿತು.

ಮಕ್ಕಳ ಡಾಕ್ಟರಮ್ಮ ಕಳಿಸುವಾಗ ಒಂದೇ ಮಾತು ಹೇಳಿದ್ದರಂತೆ: "ಇಷ್ಟು ಸಣ್ಣ ಕರುಳಿಗೆ ಪುಡಿ ಹಾಲು ಒಗ್ಗೋದು ಕಷ್ಟ. ತಾಯಿ ಹಾಲೇ ಔಷಧಿ. ಹೇಗಾದರೂ ತಲುಪಿಸಿ."

ಬಾಣಂತಿಯನ್ನೇ ಕಳಿಸೋಣವೆಂದರೆ ಕಾವಲಿಗೆ ಇಬ್ಬರು ಮಹಿಳಾ ಸಿಬ್ಬಂದಿ ಬೇಕು. ಇದ್ದವರು ಒಬ್ಬರೇ, ಮಹಿಳಾ ವಿಭಾಗದ ಹಿರಿಯ ವಾರ್ಡರು, ಎಲ್ಲರ ದೊಡ್ಡಮ್ಮ. ಆಕೆಯೇ ಹಾಲು ಹಿಂಡಿಸಿ, ಕುದಿಸಿ ತೊಳೆದ ಸಣ್ಣ ಬಾಟಲಿಯಲ್ಲಿ ತುಂಬಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಕಿಟಕಿಗೆ ಬಂದರು.

"ಬರೀರಿ ಗುಮಾಸ್ತರೇ, ಬೇಗ. ಆಸ್ಪತ್ರೆ ವ್ಯಾನು ಹೊರಟು ನಿಂತಿದೆ."

ಪಾಸು ಪುಸ್ತಕದಲ್ಲಿ ಸಾಮಾನಿನ ಪಟ್ಟಿ ಮೊದಲೇ ಅಚ್ಚಾಗಿರುತ್ತದೆ, ನಾವು ಗುರುತು ಹಾಕಬೇಕಷ್ಟೆ. ಬಟ್ಟೆ ಇತ್ತು, ಪಾತ್ರೆ ಇತ್ತು, ಕಾಗದಪತ್ರ ಇತ್ತು. ಹಾಲು ಇರಲಿಲ್ಲ. 'ಇತರೆ' ಎಂದು ಹಾಕಿದರೆ ಸೂಪರಿಂಟೆಂಡೆಂಟರ ಸಹಿ ಬೇಕು. ಅವರು ಮಗಳ ಮದುವೆಗೆ ರಜೆ ಹಾಕಿದ್ದರು.

"ನಾಲ್ಕು ದಿನ ಕಾಯಬೇಕಾಗುತ್ತೆ ದೊಡ್ಡಮ್ಮ."

"ಮಗು ಕಾಯುತ್ತೇನ್ರೀ? ಅದಕ್ಕೂ ರಜೆ ಚೀಟಿ ಕೊಡ್ತೀರಾ?"

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನನ್ನ ತಲೆಗೆ ಉಪಾಯ ಹೊಳೆಯುವುದು ಅಪರೂಪ. ಹೊಳೆದಾಗ ಯಾರಾದರೂ ತಡೆಯಬೇಕು. ಪಟ್ಟಿಯ ಕೊನೆಯಲ್ಲಿ 'ಪ್ರಯೋಗಾಲಯಕ್ಕೆ ಮಾದರಿ' ಎಂದಿತ್ತು. ಕೈದಿಗಳ ರಕ್ತ, ಕಫ ಇಂಥವು ಯಾರ ಸಹಿಯೂ ಇಲ್ಲದೆ, ತಡೆಯಿಲ್ಲದೆ ಹೋಗುವ ದಾರಿ ಅದು. ಅದಕ್ಕೆ ಗುರುತು ಹಾಕಿ, ಠಸ್ಸೆಂದು ಮೊಹರು ಒತ್ತಿದೆ. ದೊಡ್ಡಮ್ಮ ಕೈಮುಗಿದರು. "ನೀವು ಮನುಷ್ಯರೂ ಹೌದು ಅಂತ ಇವತ್ತು ಗೊತ್ತಾಯ್ತು" ಎಂದರು.

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮೂರು ದಿನ, ಆರು ಬಾಟಲಿ. ಎರಡನೆಯ ದಿನ ಜೈಲಿನ ಹೊಲಿಗೆ ಶೆಡ್ಡಿನ ಬಳಿ ಕಾಲರಕ್ಕ ಸಿಕ್ಕಳು. ಮುಖ ಬಿಳಿಚಿಕೊಂಡಿದ್ದರೂ ಕಣ್ಣಲ್ಲಿ ಜೀವವಿತ್ತು.

"ಅಣ್ಣಾ, ನಿಮ್ಮಿಂದ ನನ್ನ ಮಗಳು ಹೊಟ್ಟೆ ತುಂಬ ಕುಡೀತಿದಾಳೆ. ಬದುಕಿದರೆ ನಿಮಗೇ ಮಾವ ಅಂತ ಕರೀಲಿ."

ಆ ದಿನ ಮನೆಗೆ ಹೋಗಿ ಊಟದ ಹೊತ್ತಿಗೆ ನನ್ನ ಜಾಣತನದ ಕಥೆಯನ್ನು ಎರಡು ಸಲ ಹೇಳಿದೆ. ಹೆಂಡತಿ ಮೊದಲ ಬಾರಿಗೆ ಚಿಲಕದ ಮಾತೆತ್ತಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ವ್ಯಾನಿನವನು ಒಂದು ಲಕೋಟೆ ತಂದುಕೊಟ್ಟ. ಒಳಗೆ ಆರು ವರದಿ. ಪ್ರತಿಯೊಂದಕ್ಕೂ ನಂಬರು, ಮೊಹರು, ಸಹಿ. 'ಮಾದರಿ: ಬಿಳಿಯ ದ್ರವ. ಸೋಂಕಿನ ಲಕ್ಷಣ ಇಲ್ಲ. ದೋಷ ಇಲ್ಲ.'

"ಬಾಟಲಿಗಳನ್ನ ಎಲ್ಲಿ ಕೊಡ್ತಿದ್ದೆಯಪ್ಪಾ?" ಎಂದೆ.

"ನೀವು ಬರೆದ ಕಡೆಗೇ ಸಾರ್. ನೆಲಮಾಳಿಗೆ, ಪ್ರಯೋಗಾಲಯದ ಕೌಂಟರು. ಮಕ್ಕಳ ವಾರ್ಡು ಮೂರನೇ ಮಹಡಿ, ಅಲ್ಲಿಗೆ ಚೀಟಿ ಇರಲಿಲ್ವಲ್ಲ."

ಮೂರು ದಿನ ಮಗುವಿಗೆ ಪುಡಿ ಹಾಲನ್ನೇ ಕೊಟ್ಟಿದ್ದರು. ತಾಯಿಯ ಹಾಲು ಮೂರನೇ ಮಹಡಿ ಹತ್ತದೆ, ಐಸಿನ ಪೆಟ್ಟಿಗೆಯಲ್ಲಿ ಸಾಲಾಗಿ ಕೂತು, ತನ್ನಲ್ಲಿ ದೋಷವಿಲ್ಲವೆಂದು ಸಾಬೀತು ಮಾಡಿಕೊಳ್ಳುತ್ತಿತ್ತು.

ವರದಿಗೆ ಮಾದರಿ ಕೊಟ್ಟವರ ಸಹಿ ಬೇಕೆಂಬುದು ನಿಯಮ. ಹರಿದು ಒಲೆಗೆ ಹಾಕುವ ಧೈರ್ಯವಿರಲಿಲ್ಲ, ದೊಡ್ಡಮ್ಮನ ಕೈಗೆ ಕೊಟ್ಟು ತಪ್ಪಿಸಿಕೊಳ್ಳುವಷ್ಟು ನಾಚಿಕೆಗೇಡಿತನವೂ ಆ ಹೊತ್ತಿಗೆ ಬರಲಿಲ್ಲ. ನಾನೇ ಹೋದೆ. ಕಾಲರಕ್ಕ ಮಷೀನು ನಿಲ್ಲಿಸಿ, ಕಾಗದಗಳನ್ನು ಒಂದೊಂದಾಗಿ ಓದಿದಳು. ಏಳನೇ ಕ್ಲಾಸು ಓದಿದವಳು. ನಿಧಾನ, ಆದರೆ ಒಂದಕ್ಷರವನ್ನೂ ಬಿಡುವವಳಲ್ಲ.

"ಹಾಗಾದ್ರೆ ಅವಳು ಕುಡೀಲೇ ಇಲ್ವಾ?"

"ತಪ್ಪಾಯ್ತಮ್ಮ. ಬೇಗ ಕಳಿಸೋಣ ಅಂತ..."

"ಆರೂ ಬಾಟಲಿ?"

"ಆರೂ."

ಅವಳು ಅಳಲಿಲ್ಲ, ಬಯ್ಯಲಿಲ್ಲ. ಆರು ಕಡೆ ಸಹಿ ಹಾಕಿದಳು. ಬೈದಿದ್ದರೆ ನನಗೆ ಎಷ್ಟೋ ಸುಖವಾಗಿರುತ್ತಿತ್ತು.

ಅದೇ ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು: ಮಗುವಿನ ಹೊಟ್ಟೆ ಉಬ್ಬಿದೆ, ಕರುಳಿನ ಒಂದು ಭಾಗ ಕೊಳೆತಿದೆ, ಆಪರೇಷನ್ ಆಗಬೇಕು. ಅಷ್ಟು ದಿನ ಸಿಗದಿದ್ದ ಎರಡನೆಯ ಮಹಿಳಾ ಸಿಬ್ಬಂದಿ ಅರ್ಧ ಗಂಟೆಯಲ್ಲಿ ಸಿಕ್ಕರು. ಮಗು ಸಾಯುವಂತಾದರೆ ನಮ್ಮಲ್ಲಿ ಎಲ್ಲವೂ ಸಿಗುತ್ತದೆ. ಪುಡಿ ಹಾಲಿನಿಂದಲೇ ಹೀಗಾಯಿತೇ ಎಂದು ನಾನು ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದೆ. "ಹಾಗಂತ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆ ದೀಪ ನನಗೆ ಇವತ್ತಿಗೂ ಆರಿಲ್ಲ.

ಮಗು ಉಳಿಯಿತು, ಒಂದು ಗೇಣು ಕರುಳನ್ನು ಬಿಟ್ಟುಕೊಟ್ಟು. ಕೋರ್ಟು ದೊಡ್ಡ ಮನಸ್ಸು ಮಾಡಿ, ತಾಯಿ ಆಸ್ಪತ್ರೆಯಲ್ಲಿ ನಲವತ್ತು ದಿನ ಜೊತೆಗಿರಬಹುದೆಂದಿತು. ಅಷ್ಟರಲ್ಲಿ ಅವಳ ಹಾಲು ಬತ್ತಿತ್ತು. ಮಗಳ ಮದುವೆ ಮುಗಿಸಿ ಬಂದ ಸೂಪರಿಂಟೆಂಡೆಂಟರು ವಿಚಾರಣೆ ನಡೆಸಿ, 'ದಾಖಲೆಗಳು ಕ್ರಮಬದ್ಧವಾಗಿವೆ' ಎಂದು ಬರೆದರು. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ. ಅಚ್ಚಿನ ಪಟ್ಟಿಗೂ ಏನೂ ಸೇರಲಿಲ್ಲ.

ಕೇಸಿನ್ನೂ ನಡೆಯುತ್ತಿದೆ. ಹದಿನೈದು ದಿನಕ್ಕೊಮ್ಮೆ ಕಾಲರಕ್ಕ ಮಗುವನ್ನೆತ್ತಿಕೊಂಡು ತಪಾಸಣೆಗೆ ಹೊರಡುತ್ತಾಳೆ. ಒಂಬತ್ತು ತಿಂಗಳ ಮಗು, ನೋಡಿದರೆ ನಾಲ್ಕು ತಿಂಗಳದ್ದು ಎನ್ನಬೇಕು. ನಾನು ಪಾಸು ಬರೆದು ಕಿಟಕಿಯಿಂದ ಚಾಚುತ್ತೇನೆ. ಅವಳು ಕೈ ನೀಡುವುದಿಲ್ಲ.

"ಏನು ಬರೆದಿದ್ದೀರಿ, ಓದಿ ಸಾರ್."

ಓದಲು ಬಾರದವಳಲ್ಲ. ಹಿಂದೆ ಸರತಿಯಲ್ಲಿ ನಿಂತವರು ಗೊಣಗುತ್ತಾರೆ, ವ್ಯಾನಿನವನು ಹಾರನ್ ಹೊಡೆಯುತ್ತಾನೆ. ಅವಳು ಅಲ್ಲಾಡುವುದಿಲ್ಲ. ನಾನು ಕನ್ನಡಕ ಸರಿಪಡಿಸಿಕೊಂಡು ತಾಯಿ ಒಬ್ಬಳು, ಮಗು ಒಂದು, ಮೂರನೇ ಮಹಡಿ, ಮಕ್ಕಳ ವಾರ್ಡು ಎಂದು ಎಲ್ಲರಿಗೂ ಕೇಳುವಂತೆ ಓದುತ್ತೇನೆ.

"ಇನ್ನೊಂದ್ಸಲ" ಎನ್ನುತ್ತಾಳೆ.

ಓದುತ್ತೇನೆ.