ಮೀನು ಕೊಯ್ಯುವವಳ ಬೆನ್ನಿಗೆ

ನನ್ನ ಗಂಡನ ಅಕ್ಕ ಲುಕೇರಿಯಾ ಕೊಡಿಯಾಕ್ ದ್ವೀಪದ ನಮ್ಮ ಹಳ್ಳಿಯಲ್ಲೇ ಹುಟ್ಟಿ ಬೆಳೆದವಳು. ಚಳಿಗಾಲದಲ್ಲಿ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಾಳೆ. ಬೇಸಿಗೆ ಬಂತೆಂದರೆ ನದಿ ದಂಡೆಯಲ್ಲಿ ಗುಡಾರ ಹಾಕಿ, ಸಾಲ್ಮನ್ ಮೀನು ಹಿಡಿದು, ಕೊಯ್ದು, ಕೆಡದಂತೆ ಹೊಗೆಗೆ ಕಟ್ಟುತ್ತಾಳೆ. ಅವಳ ಇಬ್ಬರು ತಮ್ಮಂದಿರ ಮನೆಯಲ್ಲಿ ಚಳಿಗಾಲವಿಡೀ ಅದೇ ಊಟ. ಆ ತಮ್ಮಂದಿರ ಮೇಲೆಯೇ ನನ್ನ ಸಿಟ್ಟು. ಕಿರಿಯವನು ಟೀಖನ್ ನನ್ನ ಗಂಡ, ಹಾಗಾಗಿ ಅವನ ಪಾಲಿಗೆ ಸ್ವಲ್ಪ ಹೆಚ್ಚೇ.

ನಮ್ಮಲ್ಲಿ ಯಾರೂ ನದಿಯಲ್ಲಿ ಒಂಟಿಯಾಗಿ ಮೀನು ಕೊಯ್ಯುವುದಿಲ್ಲ. ಒಬ್ಬರು ಬಗ್ಗಿ ಕೊಯ್ಯುವಾಗ ಇನ್ನೊಬ್ಬರು ಅವರಿಗೆ ಬೆನ್ನು ಕೊಟ್ಟು, ಬಂದೂಕು ಹಿಡಿದು, ಪೊದೆಗಳ ಕಡೆ ನೋಡುತ್ತ ನಿಲ್ಲಬೇಕು. ವಾಸನೆಗೆ ಕರಡಿ ಬರುತ್ತದೆ. ಲುಕೇರಿಯಾಳ ಬೆನ್ನಿಗೆ ಅವಳ ತಾಯಿ ನಿಲ್ಲುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ದೊಡ್ಡ ತಮ್ಮ ಮಕಾರಿಗೆ ತನ್ನ ದೋಣಿಯೇ ಲೋಕ, ನನ್ನ ಗಂಡನಿಗೆ ಸೊಂಟನೋವು. ಹೋದ ಬೇಸಿಗೆ ಕರಡಿ ಬಂದೇ ಬಂತು. ಅದು ಒಣಹಾಕಿದ ಮೀನನ್ನೆಲ್ಲ ತಿಂದು ಹೋಗುವವರೆಗೂ ಅವಳು ಒಬ್ಬಳೇ ಎದೆಮಟ್ಟದ ತಣ್ಣೀರಿನಲ್ಲಿ ನಿಂತಿದ್ದಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈ ವರ್ಷ ತಮ್ಮಂದಿರು ಅಕ್ಕನಿಗೊಂದು ದೊಡ್ಡ ರಿವಾಲ್ವರ್ ಕೊಡಿಸುವುದೆಂದು ತೀರ್ಮಾನಿಸಿದರು. ಅವಳ ಅಡುಗೆಮನೆಯಲ್ಲೇ ಕೂತು, ಅವಳು ಮಾಡಿದ ಮೀನಿನ ಕಡುಬು ತಿನ್ನುತ್ತ ವಾದಕ್ಕಿಳಿದರು.

"ಐದು ಗುಂಡಿನದ್ದು ತಗೊ ಅಕ್ಕಾ. ಗುಂಡು ಐದೇ ಆದ್ರೂ ಅಷ್ಟು ದಪ್ಪದ್ದು ಅಂಗಡೀಲಿ ಬೇರೆ ಇಲ್ಲ. ಒಂದೇಟಿಗೆ ಕರಡಿ ಮಕಾಡೆ!" ಎಂದ ಮಕಾರಿ.

"ಒಂದೇಟಿಗೆ ಅಕ್ಕನ ಮಣಿಕಟ್ಟೂ ಹೋಗತ್ತೆ. ಫಾರ್ಟಿಫೋರ್ ರಿವಾಲ್ವರ್ ಸಾಕು, ಗುಂಡು ಸ್ವಲ್ಪ ಸಣ್ಣದು, ಆರು ಹಿಡಿಯತ್ತೆ. ಹಗುರದ್ದು ನೋಡೋಣ," ಎಂದ ನನ್ನ ಗಂಡ.

"ಹಗುರದ್ದು ಇನ್ನೂ ಜೋರಾಗಿ ಒದೆಯತ್ತೆ ಕಣೋ ಪೆದ್ದ! ಉಕ್ಕಿಂದೇ ಬೇಕು. ಗುಂಡು ಗಟ್ಟಿ ಸೀಸದ್ದು. ತಗುಲಿದ ಕೂಡ್ಲೇ ತುದಿ ಅರಳೋ ಗುಂಡು ಕರಡಿಗೆ ನಾಟಲ್ಲ, ಎಲುಬು ಮುರಿದು ಒಳಗಿಳೀಬೇಕು."

ಉತ್ತರನ ಪೌರುಷ ಒಲೆಯ ಮುಂದೆ! ಹಿಂದೆ ನಿಲ್ಲುವವರು ಯಾರು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಬ್ಬಿಣದ ತುಂಡೊಂದನ್ನು ಕೈಗಿಟ್ಟು ಅಕ್ಕನನ್ನು ಕರಡಿಗೆ ಒಪ್ಪಿಸುವ ಹುನ್ನಾರ ಇದು. ನನಗೆ ಮೈಯೆಲ್ಲ ಉರಿಯಿತು.

ಲುಕೇರಿಯಾ ಅಲ್ಲೇ ಮೀನು ಕೊಯ್ಯುತ್ತಿದ್ದಳು. "ಮಕಾರಿ, ನಿನ್ನ ರಿವಾಲ್ವರ್ ಖಾಲಿ ಮಾಡಿ ಕೊಡು," ಎಂದಳು. ಅವನು ಗುಂಡುಗಳನ್ನು ತೆಗೆದು ಕೊಟ್ಟ. ಲೋಳೆ ಮೆತ್ತಿದ ಅವಳ ಕೈಯಿಂದ ಅದು ಜಾರಿ ನೆಲಕ್ಕೆ ಬಿತ್ತು.

"ನದೀಲಿ ನನ್ನ ಕೈ ಹೀಗೇ ಇರತ್ತೆ. ಕೈ ತೊಳ್ಕೊಂಡು ಬರ್ತೀನಿ, ಸ್ವಲ್ಪ ಕೂತಿರಪ್ಪ ಅಂತ ಕರಡಿಗೆ ಹೇಳ್ಲಾ?"

"ರಬ್ಬರ್ ಹಿಡಿ ಹಾಕಿಸಿದ್ರಾಯ್ತು ಬಿಡು," ಎಂದ ಮಕಾರಿ.

"ನಿಮ್ಮ ನಾಲಿಗೆಗೆ ಹಾಕಿಸ್ಕೊಳ್ಳಿ ರಬ್ಬರು!" ಎಂದು ನಾನು ಕಿರುಚಿದೆ. ನನ್ನ ಗಂಡ ಇನ್ನೊಂದು ಕಡುಬು ಬಡಿಸಿಕೊಂಡ.

ಆದರೂ ಶನಿವಾರ ಲುಕೇರಿಯಾಳೇ ಕೊಳ್ಳೋಣ ಎಂದು ಹೊರಡಿಸಿದಳು. ನಾವು ಮೂವರು ಪುಟ್ಟ ವಿಮಾನ ಹತ್ತಿ ಪೇಟೆಗೆ ಹೋದೆವು, ಅವಳು, ನಾನು, ಟೀಖನ್. ಬಂದೂಕಿನ ಅಂಗಡಿಯಲ್ಲಿ ಲುಕೇರಿಯಾ ಯಾವುದನ್ನೂ ಮುಟ್ಟಲಿಲ್ಲ. "ನೀನೇ ಹಿಡಿದು ನೋಡಪ್ಪ, ನಿಂಗೇ ಗೊತ್ತಲ್ಲ," ಎಂದಳು. ಅಷ್ಟಕ್ಕೇ ನನ್ನ ಗಂಡ ಉಬ್ಬಿಹೋದ. ಒಂದೊಂದನ್ನೂ ಎತ್ತಿ ತೂಗಿ, ಕೊನೆಗೆ ಗಿಡ್ಡ ನಳಿಕೆಯ, ಭಾರದ ಉಕ್ಕಿನ ಫಾರ್ಟಿಫೋರ್ ಆರಿಸಿದ. ಅವನ ಅಂಗೈಗೆ ಅದು ಸರಿಯಾಗಿ ಕೂತಿತು. ಗಟ್ಟಿ ಸೀಸದ ಗುಂಡು ಒಂದು ಡಬ್ಬಿ, ಅಭ್ಯಾಸಕ್ಕೆ ಕಡಿಮೆ ಮದ್ದಿನದು ಇನ್ನೊಂದು.

"ನಿಮ್ಮ ಕೈಗೆ ಇದು ದೊಡ್ಡದಾಗಲ್ವೇನಮ್ಮ?" ಎಂದ ಅಂಗಡಿಯವನು.

"ನನ್ನ ಕೈಗೆ ಅಂತ ಯಾರು ಹೇಳಿದ್ರು?" ಲುಕೇರಿಯಾ ರಿವಾಲ್ವರ್ ಸಿಕ್ಕಿಸಿ ಎದೆಗೆ ಕಟ್ಟುವ ಚರ್ಮದ ಪಟ್ಟಿಯನ್ನು ತೆಗೆದುಕೊಂಡು ತಮ್ಮನ ಎದೆಗೇ ಬಿಗಿದಳು. "ಇದು ನಿಂದು. ಕಟ್ಕೊಂಡು ನನ್ನ ಜೊತೆ ನದಿಗೆ ಬಾ. ಬರಲ್ಲ ಅಂದ್ರೆ ಈ ವರ್ಷ ನಾನು ನದೀಲಿ ಮೀನು ಕೊಯ್ಯಲ್ಲ. ಚಳಿಗಾಲಕ್ಕೆ ಆ ಸೀಸದ ಗುಂಡೇ ಬೇಯಿಸ್ಕೊಂಡು ತಿನ್ನಿ."

"ಅಕ್ಕಾ, ನನ್ನ ಸೊಂಟ..."

"ಅಮ್ಮ ಊರುಗೋಲು ಹಿಡ್ಕೊಂಡೇ ನನ್ನ ಬೆನ್ನಿಗೆ ನಿಂತಿದ್ಳು ಕಣೋ."

ಟೀಖನ್ ತಲೆ ತಗ್ಗಿಸಿದ. ಪಟ್ಟಿಯನ್ನು ಮಾತ್ರ ಬಿಚ್ಚಲಿಲ್ಲ.